ಅರ್ಧ ಮುಖದ ಬೆವರು

"ರೋಗಿಯೇ ಸುಳ್ಳು ಹೇಳಿದರೆ ಅದು ವೈದ್ಯರ ತಪ್ಪಾಗುತ್ತದೆಯೇ, ಸರ್?"

ಪಾವನಾ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದಳು. ಕೂತುಕೋ ಎಂದು ಪಾರ್ಶ್ವನಾಥಯ್ಯನವರು ಎರಡು ಸಲ ಹೇಳಿದ್ದರು. ಅವಳಿಗೆ ಕೇಳಿಸಿರಲಿಲ್ಲ. ಅವಳು ಎದೆಗವಚಿಕೊಂಡಿದ್ದ ಫೈಲಿನ ಮೊದಲ ಪುಟದಲ್ಲಿ ಅವಳದೇ ದುಂಡಗಿನ ಅಕ್ಷರದಲ್ಲಿ 'ಬೀಡಿ, ಸಿಗರೇಟು: ಇಲ್ಲ' ಎಂದು ಬರೆದಿತ್ತು. ಅದರ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದಳು.

ಪಾರ್ಶ್ವನಾಥಯ್ಯನವರು ಆ ಆಸ್ಪತ್ರೆಯಲ್ಲಿ ಎದೆರೋಗಗಳ ವೈದ್ಯರಾಗಿ ಮೂವತ್ತೈದು ವರ್ಷ ದುಡಿದವರು. ನಿವೃತ್ತರಾದ ಮೇಲೂ ವಾರಕ್ಕೆ ಮೂರು ದಿನ ಬಂದು ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿದ್ದರು. ಪಾಠಕ್ಕಿಂತ ಬೈಗುಳವೇ ಹೆಚ್ಚು. ಆದರೂ ಏನಾದರೂ ಎಡವಟ್ಟಾದರೆ ಎಲ್ಲರೂ ಓಡಿ ಬರುತ್ತಿದ್ದುದು ಅವರ ಕೋಣೆಗೇ.

"ಸುಳ್ಳು ಹೇಳಿದ್ದು ಯಾರು?"

"ಹದಿನಾರನೇ ಮಂಚದ ಸಿದ್ದಾಜಮ್ಮ."

ಪಾವನಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಸಿದ್ದಾಜಮ್ಮನಿಗೆ ಅರವತ್ತರ ಮೇಲೆ ವಯಸ್ಸು. ನಾಲ್ಕು ತಿಂಗಳ ಹಿಂದೆ ಕೆಮ್ಮು ಎಂದು ಬಂದು ಇದೇ ವಾರ್ಡಿಗೆ ಸೇರಿದ್ದವರು. ಕಫದಲ್ಲಿ ರಕ್ತವಿತ್ತು, ಮೈ ಇಳಿದಿತ್ತು, ಗಂಟಲು ಕಟ್ಟಿಕೊಂಡು ಧ್ವನಿ ಒಡೆದಿತ್ತು. ಕಫ ಪರೀಕ್ಷೆಯಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಬೀಡಿ ಸೇದುವವರಲ್ಲ, ಆದ್ದರಿಂದ ಇದು ಕ್ಷಯವೇ ಇರಬೇಕು ಎಂದು ಪಾವನಾ ನಾಲ್ಕು ತಿಂಗಳು ಕ್ಷಯದ ಮಾತ್ರೆ ನುಂಗಿಸಿದಳು. ಅಜ್ಜಿ ಇನ್ನಷ್ಟು ಸೊರಗಿ ಮತ್ತೆ ಬಂದರು. ಇವತ್ತು ಸ್ಕ್ಯಾನ್ ಬಂದಿದೆ. ಎಡ ಶ್ವಾಸಕೋಶದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗೆಡ್ಡೆ. ಕ್ಯಾನ್ಸರ್. ಅದು ಯಕೃತ್ತಿಗೂ ಹೋಗಿದೆ. ಬೆಳಿಗ್ಗೆ ಸೀರೆ ಬದಲಿಸುವಾಗ ಅಜ್ಜಿಯ ಎಲೆಯಡಿಕೆ ಚೀಲದಿಂದ ಅರ್ಧ ಕಟ್ಟು ಬೀಡಿ ನೆಲಕ್ಕೆ ಬಿತ್ತು. ನರ್ಸು ಅಯ್ಯೋ ಅಂದಳು. ಪಕ್ಕದಲ್ಲಿದ್ದ ಸೊಸೆ ಮಾತ್ರ ಬೆಚ್ಚಲಿಲ್ಲ. ಬಗ್ಗಿ ಬೀಡಿಗಳನ್ನು ಆಯ್ದು, ಸೆರಗಿನಲ್ಲಿ ಕಟ್ಟಿಕೊಂಡಳು.

"ನಾನು ಒಂದು ಸಲ ಅಲ್ಲ, ಮೂರು ಸಲ ಕೇಳಿದ್ದೆ ಸರ್. ಅಜ್ಜಿಗೆ ಕಿವಿ ಮಂದ. ಅದಕ್ಕೆ ಇಡೀ ವಾರ್ಡಿಗೇ ಕೇಳಿಸುವ ಹಾಗೆ ಗಟ್ಟಿಯಾಗಿ ಕೇಳಿದ್ದೆ. ಮೂರು ಸಲವೂ 'ಇಲ್ಲ ಕಣವ್ವ' ಅಂದರು. ಇನ್ನೇನು ಮಾಡಬೇಕಿತ್ತು ನಾನು?"

ಅವಳ ಕಣ್ಣು ತುಂಬಿ ಬಂತು. ಅದು ಸಿಟ್ಟೋ ಸಂಕಟವೋ ಅವಳಿಗೇ ತಿಳಿಯಲಿಲ್ಲ.

ಪಾರ್ಶ್ವನಾಥಯ್ಯನವರು ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಯಾರು ಮಾತಾಡಲು ಬಂದರೂ ಅವರು ಹಾಗೆ ಮಾಡುತ್ತಿದ್ದರು. ಬಂದು ಕೂತು, "ಮೊದಲು ಕೂತ್ಕೋ ತಾಯಿ. ಒಂದು ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕಬೇಡ" ಎಂದರು. ಪಾವನಾ ಕೂತಳು. ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಚೆನ್ನಾಗಿ ಓದಿದವನು. ಓದಿದ್ದೇನೆ ಎಂಬ ಜಂಬವೂ ಇದ್ದವನು. ಅವನ ಬಳಿ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿಯಿತ್ತು. ಬಂದವರು ಯಾರೇ ಆಗಲಿ, ನೆಗಡಿಯೇ ಆಗಲಿ ನಂಜೇ ಆಗಲಿ, ಮೂವತ್ತನ್ನೂ ಕೇಳದೆ ಅವನು ಸ್ಟೆತಾಸ್ಕೋಪನ್ನು ಕಿವಿಗೆ ಏರಿಸುತ್ತಿರಲಿಲ್ಲ. ಸರಿಯಾಗಿ ಕೇಳಿದರೆ ಅರ್ಧ ರೋಗ ಕೇಳುವುದರಲ್ಲೇ ಸಿಕ್ಕಿಬೀಳುತ್ತದೆ ಎನ್ನುತ್ತಿದ್ದ. ಮಾತು ನಿಜವೇ. ಅದರಲ್ಲಿ ತಪ್ಪೇನಿಲ್ಲ.

ಅವನ ದವಾಖಾನೆ ಅಂದರೆ ಒಂದೇ ಕೋಣೆ. ಗಾಳಿ ಆಡಲಿ ಎಂದು ಬಾಗಿಲ ಕದವನ್ನು ಕಳಚಿ ಹಿತ್ತಲಿನಲ್ಲಿ ಒರಗಿಸಿದ್ದ. ಕಾಯುವವರ ಬೆಂಚು ಒಳಗೇ ಇತ್ತು. ಒಬ್ಬ ತನ್ನ ಹೊಟ್ಟೆಯ ಕಷ್ಟ ಹೇಳಿಕೊಳ್ಳುತ್ತಿದ್ದರೆ ಬೆಂಚಿನ ಮೇಲಿದ್ದವರು ಜೀರಿಗೆ ಕಷಾಯ ಕುಡಿಯಿರಿ, ಬಾಳೆಹಣ್ಣು ಬಿಡಿ ಎಂದು ಬುದ್ಧಿ ಹೇಳುತ್ತಿದ್ದರು. ನನ್ನಲ್ಲಿ ಮುಚ್ಚುಮರೆ ಇಲ್ಲ, ಎಲ್ಲ ತೆರೆದ ಬಾಗಿಲು ಎಂದು ವೈದ್ಯ ಹೆಮ್ಮೆಪಡುತ್ತಿದ್ದ. ನಗಬೇಡ. ನಮ್ಮ ಅರ್ಧ ದವಾಖಾನೆಗಳು ಇವತ್ತಿಗೂ ಹಾಗೇ ಇವೆ.

ಅದೇ ಊರಿನಲ್ಲಿ ಒಂದು ಗರಡಿಮನೆ ಇತ್ತು. ಅಲ್ಲಿ ಒಬ್ಬ ಉಸ್ತಾದರಿದ್ದರು. ಐವತ್ತೆಂಟು ವರ್ಷದ ಪೈಲ್ವಾನರು. ಊರಿನ ಮೂರು ತಲೆಮಾರಿಗೆ ಕುಸ್ತಿ ಕಲಿಸಿದವರು. ಅವರ ಗರಡಿಯಲ್ಲಿ ಒಂದು ಕಟ್ಟಳೆ. ಹೊಸದಾಗಿ ಸೇರುವವನು ಮೊದಲ ದಿನ ಗದೆಯ ಮೇಲೆ ಕೈಯಿಟ್ಟು, ಬೀಡಿ ಮುಟ್ಟುವುದಿಲ್ಲ, ಹೆಂಡ ಮುಟ್ಟುವುದಿಲ್ಲ ಎಂದು ಆಣೆ ಮಾಡಬೇಕು. ಆಣೆ ಮುರಿದವನಿಗೆ ಮಟ್ಟಿಯ ಮೇಲೆ, ಅಂದರೆ ಕುಸ್ತಿಯಾಡುವ ಆ ಕೆಮ್ಮಣ್ಣಿನ ಮೇಲೆ, ಜಾಗವಿಲ್ಲ. ಸ್ವಂತ ಅಕ್ಕನ ಮಗನನ್ನೇ ಒಂದು ಬೀಡಿಗಾಗಿ ಹೊರಗೆ ಹಾಕಿದ್ದರು. ಅಂಥ ಕಟ್ಟುನಿಟ್ಟು.

ಕಟ್ಟುನಿಟ್ಟು ಎಷ್ಟೋ ಅಕ್ಕರೆಯೂ ಅಷ್ಟೇ. ಬೆಳಿಗ್ಗೆ, ಸಂಜೆ, ಶಿಷ್ಯರ ಸ್ನಾನಕ್ಕೆ ಬಚ್ಚಲಿನ ಒಲೆ ಹಚ್ಚಿ ನೀರು ಕಾಯಿಸುವುದು ಉಸ್ತಾದರೇ. ನೀರು ಕಾಯುವವರೆಗೆ ಬೇರೆ ಯಾರನ್ನೂ ಬಚ್ಚಲಿಗೆ ಬಿಡುತ್ತಿರಲಿಲ್ಲ. ಎಂಥ ದೊಡ್ಡ ಗುಣ, ಶಿಷ್ಯರಿಗೆ ತಾವೇ ನೀರು ಕಾಯಿಸಿ ಕೊಡ್ತಾರಲ್ಲ ಎಂದು ಊರು ಕೊಂಡಾಡುತ್ತಿತ್ತು.

ಒಂದು ವರ್ಷ ಉಸ್ತಾದರಿಗೆ ಬಲ ಭುಜದಲ್ಲಿ ನೋವು ಕಾಣಿಸಿಕೊಂಡಿತು. ಗರಡಿಯಲ್ಲಿ ಭುಜ ನೋವೆಂದರೆ ಗಿರಣಿಯಲ್ಲಿ ಹಿಟ್ಟಿನ ಧೂಳಿದ್ದ ಹಾಗೆ. ಯಾರು ಲೆಕ್ಕಕ್ಕಿಡುತ್ತಾರೆ? ಉಸ್ತಾದರೇ ನೂರಾರು ಜನರ ಭುಜ ಎಳೆದು ಕೂರಿಸಿದವರು. ಶಿಷ್ಯರು ಎಣ್ಣೆ ಕಾಯಿಸಿ ತಿಕ್ಕಿದರು. ಲಕ್ಕಿಸೊಪ್ಪಿನ ಶಾಖ ಕೊಟ್ಟರು. ಮೂರು ತಿಂಗಳಾದರೂ ನೋವು ಬಿಡಲಿಲ್ಲ. ತೋಳಿನ ಒಳಮೈಯಿಂದ ಇಳಿದು ಕಿರುಬೆರಳಿನವರೆಗೆ ಬಂತು. ಉಸ್ತಾದರಿಗೆ ನಿದ್ದೆ ಹೋಯಿತು. ಆಗ ಎಂಟು ಜನ ಶಿಷ್ಯರು ಅವರನ್ನು ಮೆರವಣಿಗೆ ಹೊರಟವರಂತೆ ವೈದ್ಯನ ಬಳಿಗೆ ಕರೆದುಕೊಂಡು ಬಂದರು.

ಉಸ್ತಾದರು ಕುರ್ಚಿಯಲ್ಲಿ ಕೂತರು. ಎಂಟು ಜನ ಸುತ್ತ ನಿಂತರು. ಬೆಂಚಿನ ಮೇಲಿದ್ದವರು ಉಸ್ತಾದರಿಗೆ ಕೈಮುಗಿದು, ಕಿವಿ ಇತ್ತ ಕೊಟ್ಟು ಕೂತರು. ವೈದ್ಯ ಪಟ್ಟಿ ಶುರು ಮಾಡಿದ. ನೋವು ಎಂದಿನಿಂದ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕೆಮ್ಮು ಇದೆಯೇ, ಹಸಿವು ಹೇಗಿದೆ. ಅರ್ಧಕ್ಕೆ ಉಸ್ತಾದರು ಉತ್ತರ ಹೇಳಿದರು, ಅರ್ಧಕ್ಕೆ ಶಿಷ್ಯರು. ಹನ್ನೊಂದನೇ ಪ್ರಶ್ನೆ ಬಂತು.

"ಬೀಡಿ ಸೇದೋ ಅಭ್ಯಾಸ ಇದೆಯಾ?"

ಉಸ್ತಾದರು ಬಾಯಿ ತೆರೆದರು. ಅಷ್ಟರಲ್ಲಿ ಹಿರಿಯ ಶಿಷ್ಯ ಹೋ ಎಂದು ನಕ್ಕ. "ಏನ್ ಡಾಕ್ಟ್ರೇ, ಯಾರನ್ನ ಏನ್ ಕೇಳ್ತಾ ಇದ್ದೀರಿ? ಒಂದು ಮೋಟುಬೀಡಿಗೆ ಇವರು ನನ್ನ ಹಲ್ಲು ಉದುರಿಸಿದ್ದಾರೆ, ನೋಡಿ ಇಲ್ಲಿ!" ಎಂದು ತುಟಿ ಎತ್ತಿ ತೋರಿಸಿದ. ಬೆಂಚಿನವರು ನಕ್ಕರು. ವೈದ್ಯನೂ ನಕ್ಕ. ಆದರೆ ಪಟ್ಟಿ ಬಿಡುವವನಲ್ಲ.

"ಆದರೂ ಕೇಳೋದು ನನ್ನ ಧರ್ಮ. ನೀವೇ ಹೇಳಿ ಉಸ್ತಾದರೇ."

ಉಸ್ತಾದರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಇಲ್ಲ" ಎಂದರು.

ವೈದ್ಯ ಬರೆದುಕೊಂಡ: ಇಲ್ಲ. ಮೂವತ್ತೂ ಮುಗಿದ ಮೇಲೆ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ. ಉಸ್ತಾದರು ಮತ್ತೊಮ್ಮೆ ಬಾಗಿಲ ಕಡೆ ನೋಡಿದರು. ಗರಡಿಗೆ ಹೊತ್ತಾಯಿತೇನೋ, ಆತುರದಲ್ಲಿದ್ದಾರೆ ಎಂದುಕೊಂಡ ವೈದ್ಯ ಬೆಂಚಿನಿಂದ ಮುಂದಿನವರನ್ನು ಕರೆದ.

ಭುಜದ ಎಕ್ಸರೇ ತೆಗೆಸಿದ. ಕೀಲು ನೋಡಿದ, ಎಲುಬು ನೋಡಿದ. ಎಲ್ಲ ಗಟ್ಟಿಯಾಗಿತ್ತು. ಕುಸ್ತಿಯವರ ಭುಜ, ಸವೆದಿದೆ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ. ಎರಡು ತಿಂಗಳಿಗೆ ಉಸ್ತಾದರು ಮತ್ತೆ ಬಂದರು, ಬಲಗಣ್ಣಿನ ರೆಪ್ಪೆ ಜೋಲುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಎಂದು ಬರೆದ. ಮತ್ತೊಮ್ಮೆ ಬಂದಾಗ ಗದೆ ಎತ್ತಲು ಹಿಡಿತ ಸಾಲುತ್ತಿಲ್ಲ ಎಂದರು. ವಯಸ್ಸು ಎಂದು ಬರೆದ. ಪಂಚೆ ಸಡಿಲವಾಗುತ್ತಿದೆ ಎಂದರು. ನೋವಿಗೆ ಊಟ ಸೇರುತ್ತಿಲ್ಲ ಎಂದು ಬರೆದ.

ಕತೆಯಲ್ಲಿ ಇಲ್ಲಿಗೆ ಬಂದಾಗೆಲ್ಲ ನನಗೆ ರೇಗುತ್ತದೆ. ಒಂದು ಸಲ ಆ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದ್ದರೆ ಆಗಿತ್ತು! ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ಅದನ್ನು ನೋಡಲು ಯಾವ ಯಂತ್ರ ಬೇಕು? ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ 'ಇಲ್ಲ' ಎಂದು ಬರೆದಾಯಿತಲ್ಲ. ಬರೆದ ಮೇಲೆ ಕಣ್ಣು ಆ ದಿಕ್ಕಿಗೇ ಹೋಗಲಿಲ್ಲ.

ಇಷ್ಟು ಹೇಳಿ ಪಾರ್ಶ್ವನಾಥಯ್ಯನವರು ಸ್ವಲ್ಪ ನೀರು ಕುಡಿದರು. ಪಾವನಾ ತನ್ನ ಮಡಿಲಲ್ಲಿದ್ದ ಫೈಲನ್ನು ತಿರುಗಿಸಿ ಬೋರಲು ಇಟ್ಟಳು. ಸಿದ್ದಾಜಮ್ಮನ ಒಡೆದ ಧ್ವನಿಯ ಪಕ್ಕದಲ್ಲಿ 'ಕಫ ಕಟ್ಟಿದೆ' ಎಂದು ತಾನು ಬರೆದದ್ದು ಅವಳಿಗೆ ನೆನಪಾಯಿತು. ಅವರು ಮುಂದುವರಿಸಿದರು.

ಆ ಮೊದಲ ದಿನದಿಂದ ಎಂಟು ತಿಂಗಳು ಕಳೆದವು. ಗರಡಿಯಲ್ಲಿ ವರ್ಷಕ್ಕೊಮ್ಮೆ ಮಟ್ಟಿಯ ಮಣ್ಣನ್ನು ಅಗೆದು, ಜರಡಿ ಹಿಡಿದು, ಅರಿಸಿನ, ಕುಂಕುಮ, ಎಣ್ಣೆ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಆ ದಿನ ಊರಿನ ನಾಲ್ಕು ಜನ ದೊಡ್ಡವರನ್ನು ಕರೆಯುವುದು ವಾಡಿಕೆ. ವೈದ್ಯನನ್ನೂ ಕರೆದರು. ಹೋದ. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಕೊಟ್ಟರು, ಕೂತ.

ಹೊಸ ಮಣ್ಣಿನ ಮೇಲೆ ಮೊದಲು ಉಸ್ತಾದರೇ ಇಳಿಯಬೇಕು. ಹಿರಿಯ ಶಿಷ್ಯನ ಜೊತೆ ನಾಲ್ಕು ಪಟ್ಟು ಆಡಬೇಕು. ಅದರಲ್ಲಿ ಗೆಲುವಿಲ್ಲ, ಸೋಲಿಲ್ಲ. ಉಸ್ತಾದರು ಇಳಿದರು. ಮೈ ಅರ್ಧಕ್ಕರ್ಧ ಇಳಿದಿತ್ತು. ಏನೋ ವ್ರತ ಹಿಡಿದಿದ್ದಾರಂತೆ ಎಂದು ಯಾರೋ ಅಂದರು. ಶಿಷ್ಯ ಹುಷಾರಾಗಿ, ಗಾಜಿನ ಪಾತ್ರೆ ಹಿಡಿದವನಂತೆ ಅವರ ಕೈ ಹಿಡಿದ. ಒಬ್ಬರ ಮೈಮೇಲೊಬ್ಬರು ಮಣ್ಣು ಎರಚಿಕೊಂಡರು. ಬಿಸಿಲಿತ್ತು. ಎರಡು ನಿಮಿಷಕ್ಕೆ ಇಬ್ಬರ ಮೈಯಲ್ಲೂ ಬೆವರು ಕಿತ್ತು ಬಂತು. ಆಟ ಮುಗಿಯಿತು. ಉಸ್ತಾದರು ಜನರ ಕಡೆ ತಿರುಗಿ ಕೈಮುಗಿದರು.

ವೈದ್ಯ ಅವರ ಮುಖ ನೋಡಿದ.

ಎಡಗಡೆಯ ಅರ್ಧ ಮುಖ ಬೆವರಿ ಒದ್ದೆಯಾಗಿತ್ತು. ಕೆಮ್ಮಣ್ಣು ಅಲ್ಲಿ ದಪ್ಪಗೆ ಮೆತ್ತಿಕೊಂಡಿತ್ತು. ಬಲಗಡೆಯ ಅರ್ಧ ಒಣಗಿತ್ತು. ಒಂದು ಹನಿ ಬೆವರಿಲ್ಲ. ಮಣ್ಣು ನಿಲ್ಲದೆ ಉದುರಿಹೋಗಿತ್ತು. ಹಣೆಯಿಂದ ಮೂಗಿನ ಮೇಲೆ ಹಾದು ಗದ್ದದವರೆಗೆ, ದಾರ ಹಿಡಿದು ಗೆರೆ ಎಳೆದ ಹಾಗಿತ್ತು.

ಪಕ್ಕದ ಕುರ್ಚಿಯವರು ವೈದ್ಯನ ಕಿವಿಯಲ್ಲಿ ಹೇಳಿದರು: "ನೋಡಿದ್ರಾ ಪವಾಡ! ಪ್ರಾಣಾಯಾಮದಿಂದ ಅರ್ಧ ಮೈ ಗೆದ್ದುಬಿಟ್ಟಿದ್ದಾರೆ. ಇನ್ನರ್ಧ ಗೆದ್ದರೆ ಸಿದ್ಧಪುರುಷರೇ ಸರಿ." ಹೇಳಿ ಗಲ್ಲ ಬಡಿದುಕೊಂಡರು. ಅಷ್ಟರಲ್ಲಿ ಶಿಷ್ಯರು ಸಾಲಾಗಿ ಬಂದು ಉಸ್ತಾದರ ಪಾದ ಮುಟ್ಟುತ್ತಿದ್ದರು. ಉಸ್ತಾದರು ಆ ಅರ್ಧ ಒಣಗಿದ ಮುಖದಲ್ಲೇ ನಗುತ್ತ ಹರಸುತ್ತಿದ್ದರು.

ವಿದ್ಯಾರ್ಥಿಯಾಗಿದ್ದಾಗ ಓದಿದ್ದ ಒಂದು ಪುಟ ವೈದ್ಯನ ಕಣ್ಣ ಮುಂದೆ ಬಂದು ನಿಂತಿತು. ಶ್ವಾಸಕೋಶದ ತುದಿ ಭುಜದ ಪಕ್ಕದಲ್ಲೇ, ಕೊರಳಿನ ಬುಡದಲ್ಲಿರುತ್ತದೆ. ಅಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದರೆ ಕೆಮ್ಮೇ ಬರದಿರಬಹುದು. ಅದು ಕೈಗೆ ಹೋಗುವ ನರವನ್ನು ಹಿಡಿಯುತ್ತದೆ, ಭುಜದಿಂದ ಕಿರುಬೆರಳಿನವರೆಗೆ ನೋವು ಬರುತ್ತದೆ. ಹಿಡಿತ ಹೋಗುತ್ತದೆ. ಮುಖಕ್ಕೆ ಹೋಗುವ ನರವನ್ನು ಹಿಡಿಯುತ್ತದೆ, ರೆಪ್ಪೆ ಜೋಲುತ್ತದೆ, ಆ ಕಡೆಯ ಬೆವರು ನಿಲ್ಲುತ್ತದೆ. ಬೇರೆ ಬೇರೆ ದಿನ ಬೇರೆ ಬೇರೆ ಕಾರಣ ಕೊಟ್ಟು ತಾನು ಬರೆದಿಟ್ಟದ್ದೆಲ್ಲ ಒಂದೇ ರೋಗ!

ವೈದ್ಯ ದವಾಖಾನೆಗೆ ಓಡಿದ. ಬೀರುವಿನಿಂದ ಆ ಹಳೆಯ ಎಕ್ಸರೇ ತೆಗೆದು ಬೆಳಕಿಗೆ ಹಿಡಿದ. ಕೀಲು ಚೆನ್ನಾಗಿತ್ತು. ಎಲುಬು ಚೆನ್ನಾಗಿತ್ತು. ಫಿಲ್ಮಿನ ಮೂಲೆಯಲ್ಲಿ, ಶ್ವಾಸಕೋಶದ ತುದಿ ಸ್ವಲ್ಪವೇ ಇಣುಕುವ ಕಡೆ, ಬೆಳ್ಳಗೆ ಅಡಿಕೆಯಷ್ಟು ಒಂದು ಕಲೆಯಿತ್ತು. ಎಂಟು ತಿಂಗಳಿಂದ ಅದು ಅವನ ಬೀರುವಿನಲ್ಲೇ ಇತ್ತು. ಅವನು ಭುಜ ನೋಡಿ, ಮೂಲೆ ನೋಡದೆ, ಒಳಗಿಟ್ಟಿದ್ದ. "ಅಯ್ಯೋ ದೇವರೇ, ಏನು ಮಾಡಿಬಿಟ್ಟೆ" ಎಂದು ಆ ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಅಂದ.

ಮತ್ತೆ ಗರಡಿಗೆ ಬಂದ. ಗದೆಗಳನ್ನು ಇಡುವ ಸಣ್ಣ ಕೋಣೆಗೆ ಉಸ್ತಾದರನ್ನು ಕರೆದುಕೊಂಡು ಹೋದ. ಜೊತೆಗೆ ಬಂದ ಶಿಷ್ಯರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದ. ವೈದ್ಯನಾದ ಮೇಲೆ ಅವನು ಒಂದು ಬಾಗಿಲು ಹಾಕಿದ್ದು ಅದೇ ಮೊದಲು.

"ಎಷ್ಟು ವರ್ಷದಿಂದ?" ಎಂದು ಕೇಳಿದ. ಏನನ್ನು ಎಂದು ಅವನು ಹೇಳಲಿಲ್ಲ. ಏನನ್ನು ಎಂದು ಉಸ್ತಾದರೂ ಕೇಳಲಿಲ್ಲ.

"ಮೂವತ್ತೆರಡು" ಎಂದರು. "ಬೆಳಿಗ್ಗೆ, ಸಂಜೆ, ನೀರೊಲೆ ಮುಂದೆ. ಸೌದೆ ಹೊಗೆಯಲ್ಲಿ ಬೀಡಿ ವಾಸನೆ ಗೊತ್ತಾಗಲ್ಲ. ಬಿಡಬೇಕು ಅಂತ ಆ ಗದೆ ಮೇಲೆ ಕೈಯಿಟ್ಟು ನಾನೂ ಎಷ್ಟು ಸಲ ಆಣೆ ಮಾಡಿದ್ದೀನೋ."

ವೈದ್ಯನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಮತ್ತೆ ಅವತ್ತು ಯಾಕೆ ಹೇಳಲಿಲ್ಲ? ಕೇಳಿದೆನಲ್ಲ ನಾನು! ಎರಡು ಸಲ ಕೇಳಿದೆನಲ್ಲ!"

"ಹೇಳಬೇಕು ಅಂತಲೇ ಬಂದಿದ್ದೆ ಸ್ವಾಮಿ" ಎಂದರು ಉಸ್ತಾದರು. "ಈ ಹುಡುಗರು ಎಣ್ಣೆ ತಿಕ್ಕುವಾಗಲೇ ನನಗೆ ಅನುಮಾನ ಇತ್ತು, ಇದು ಬರೀ ಭುಜದ್ದಲ್ಲ ಅಂತ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೇ ಬಂದೆ. ನೀವು ಇವರನ್ನ ಹೊರಗೆ ಕಳಿಸ್ತೀರಿ ಅಂತ ಕಾದೆ. ಬಾಗಿಲು ನೋಡಿದೆ. ಎರಡು ಸಲ ನೋಡಿದೆ. ನಿಮ್ಮ ಬಾಗಿಲಿಗೆ ಕದವೇ ಇರಲಿಲ್ಲ."



ಉಸ್ತಾದರು ಅವನ ಕೈ ಹಿಡಿದುಕೊಂಡರು. ಆ ಹಿಡಿತದಲ್ಲಿ ಈಗ ಏನೂ ಇರಲಿಲ್ಲ. "ಈ ಮಾತು ಇಲ್ಲೇ ಇರಲಿ. ಇಷ್ಟು ವರ್ಷ ನನ್ನ ಮಾತು ನಂಬಿ ಬದುಕಿದವರು ಅವರು. ಗೊತ್ತಾದರೆ ಒಡೆದುಹೋಗ್ತಾರೆ. ನಾನು ಸತ್ತ ಮೇಲೂ ಹೇಳಬೇಡಿ." ವೈದ್ಯ ಗದೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಎಂಟು ತಿಂಗಳ ಹಿಂದೆ ಬಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿಯವರು ಹೇಳಿದರು. ಬೆನ್ನೆಲುಬಿಗೆ ಹರಡಿತ್ತು. ಇನ್ನು ನೋವು ತಡೆಯುವುದಷ್ಟೇ ಉಳಿದಿತ್ತು. ನಾಲ್ಕು ತಿಂಗಳಿಗೆ ಉಸ್ತಾದರು ತೀರಿಕೊಂಡರು. ಇಡೀ ಊರು ಅಂಗಡಿ ಮುಚ್ಚಿ ಹಿಂದೆ ನಡೆಯಿತು. ವೈದ್ಯನೂ ನಡೆದ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಹಿರಿಯ ಶಿಷ್ಯ ದವಾಖಾನೆಗೆ ಬಂದ. ಬೆಂಚು ಖಾಲಿಯಾಗುವವರೆಗೆ ಹೊರಗೆ ನಿಂತಿದ್ದು, ಒಬ್ಬನೇ ಒಳಗೆ ಬಂದ. ತಲೆ ಬೋಳಿಸಿಕೊಂಡಿದ್ದ.

"ಡಾಕ್ಟ್ರೇ, ಒಂದು ಮಾತು ಕೇಳ್ತೀನಿ, ನಿಜ ಹೇಳಬೇಕು. ನಮ್ಮ ಉಸ್ತಾದರಿಗೆ ಬೀಡಿಯಿಂದಲೇ ಬಂತಾ?"

ವೈದ್ಯನಿಗೆ ಆಣೆ ನೆನಪಿತ್ತು. "ಯಾವ ಬೀಡಿ? ಅವರು ಬೀಡಿ ಸೇದ್ತಾ ಇರಲಿಲ್ಲವಲ್ಲ" ಎಂದ.

ಶಿಷ್ಯ ಅವನ ಮುಖವನ್ನೇ ನೋಡಿದ. "ನೀವೂ ಹಾಗೇ ಅಂತೀರಾ" ಎಂದ. ಆಮೇಲೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ನನಗೆ ಹದಿನಾರು ವರ್ಷ ಇದ್ದಾಗ ಅವರು ನನ್ನ ಹಲ್ಲು ಉದುರಿಸಿದ್ದು. ಮಾರನೇ ದಿನ ಬೆಳಿಗ್ಗೆ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನೋಣ ಅಂತ ಬಚ್ಚಲಿಗೆ ಹೋದೆ. ಕದದ ಸಂದಿಯಲ್ಲಿ ನೋಡಿದೆ. ಒಲೆ ಮುಂದೆ ಕೂತು ಸೇದ್ತಾ ಇದ್ದರು. ಅಳ್ತಾನೂ ಇದ್ದರು. ಸದ್ದು ಮಾಡದೆ ವಾಪಸ್ ಬಂದೆ. ಅವತ್ತಿಂದ ನಾನು ಬೀಡಿ ಮುಟ್ಟಿಲ್ಲ. ಅವತ್ತಿಂದ ಒಲೆಗೆ ಸೌದೆ ತಂದು ಬಚ್ಚಲಿನ ಹೊರಗೆ ಒಟ್ಟುತ್ತಾ ಇದ್ದವನೂ ನಾನೇ. ಹಸಿ ಸೌದೆಯನ್ನೇ ಆರಿಸಿ ತರ್ತಿದ್ದೆ. ಹೊಗೆ ಜಾಸ್ತಿ ಬರಲಿ, ವಾಸನೆ ಮುಚ್ಚಿಹೋಗಲಿ ಅಂತ. ಆಮೇಲೆ ಸೇರಿದವರಿಗೂ ಹೇಳಿಕೊಟ್ಟೆ. ಎಲ್ಲರಿಗೂ ಗೊತ್ತಿತ್ತು ಸ್ವಾಮಿ. ನಮಗೆ ಗೊತ್ತು ಅನ್ನೋದು ಅವರಿಗೊಬ್ಬರಿಗೆ ಗೊತ್ತಾಗಬಾರದು, ಅಷ್ಟೇ."

"ಹಾಗಾದರೆ ಅವತ್ತು ನೀನು ನಕ್ಕಿದ್ದು?"

"ಮತ್ತೇನು ಮಾಡಲಿ? ಅಷ್ಟು ಜನದ ಮುಂದೆ ನೀವು ಕೇಳೇಬಿಟ್ರಿ. ಅವರ ಮುಖ ನೋಡೋಕಾಗಲಿಲ್ಲ ನನ್ನ ಕೈಲಿ." ಅವನು ಎರಡೂ ಕೈಯಿಂದ ಬೋಳು ತಲೆ ಹಿಡಿದುಕೊಂಡ. ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ಬಿಕ್ಕಿದ. "ಒಂದೇ ಒಂದು ಸಲ ನನ್ನೊಬ್ಬನನ್ನ ಪಕ್ಕಕ್ಕೆ ಕರೆದು ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆನಲ್ಲ ಸ್ವಾಮಿ!"

ಆ ಮೊದಲ ದಿನ ಗರಡಿಯಿಂದ ಬಂದವರು ಒಂಬತ್ತು ಜನ. ಒಂಬತ್ತು ಜನಕ್ಕೂ ಗೊತ್ತಿತ್ತು. ಗೊತ್ತಿಲ್ಲದವನು, ಮೂವತ್ತು ಪ್ರಶ್ನೆ ಕೇಳಿದವನು. ವೈದ್ಯ ಆ ವಾರವೇ ಬಡಗಿಯನ್ನು ಕರೆಸಿ ಹಿತ್ತಲಿನಲ್ಲಿದ್ದ ಕದವನ್ನು ಬಾಗಿಲಿಗೆ ಕೂರಿಸಿದ. ಬೆಂಚನ್ನು ಹೊರಗೆ ಹಾಕಿಸಿದ.

ಕತೆ ಮುಗಿಯಿತು. ಪಾರ್ಶ್ವನಾಥಯ್ಯನವರು ಕನ್ನಡಕ ತೆಗೆದು ಒರೆಸಿದರು. ಹೊರಗಿನ ಪಡಸಾಲೆಯಲ್ಲಿ ಯಾರೋ ತಳ್ಳುಮಂಚ ತಳ್ಳಿಕೊಂಡು ಹೋದರು. ಬೀಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡ ಸೊಸೆಯ ಕೈಗಳೇ ಪಾವನಾಳ ಕಣ್ಣ ಮುಂದಿದ್ದವು. ಆದರೂ ನಾಲ್ಕು ತಿಂಗಳ ಮಾತ್ರೆಗಳ ಭಾರವನ್ನು ಇನ್ನೂ ಎಲ್ಲಾದರೂ ಇಳಿಸಬೇಕಾಗಿತ್ತು ಅವಳಿಗೆ.

"ಆದರೆ ಸರ್, ಆ ವೈದ್ಯನ ಬಾಗಿಲಿಗೆ ಕದ ಇರಲಿಲ್ಲ. ಅಷ್ಟು ಜನರ ಮುಂದೆ ಕೇಳಿದ. ನಾನು ಹಾಗಲ್ಲ. ನಾನು ರೋಗಿಯ ಮಂಚದ ಹತ್ತಿರವೇ ಹೋಗಿ, ಕೈ ಹಿಡಿದುಕೊಂಡು ಕೇಳಿದ್ದೆ."

ಪಾರ್ಶ್ವನಾಥಯ್ಯನವರು ಅವಳ ಮಡಿಲಿನಿಂದ ಫೈಲು ಎತ್ತಿಕೊಂಡು, ಮೊದಲ ಪುಟ ತೆರೆದು, ಅವಳು ಗೆರೆ ಎಳೆದಿದ್ದ ಆ ಸಾಲನ್ನು ನೋಡಿದರು. ಫೈಲನ್ನು ಮೆಲ್ಲಗೆ ಅವಳಿಗೇ ಹಿಂತಿರುಗಿಸಿದರು.

"ಮೂರು ಸಲ ಗಟ್ಟಿಯಾಗಿ ಕೇಳಿದೆಯಲ್ಲಮ್ಮಾ, ಆಗ ಸಿದ್ದಾಜಮ್ಮನ ಮಂಚದ ಸುತ್ತ ಎಷ್ಟು ಜನ ನಿಂತಿದ್ದರು?"